ಸ್ಕಿನ್ ಕಲರ್ ಅಂದ್ರೆ ಯಾರ ಸ್ಕಿನ್ನು?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ನಗರದ ಪುಟದಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವದ ಫೋಟೊ ಬಂದಿತ್ತು. ಹನ್ನೆರಡು ಮಕ್ಕಳು ಸಾಲಾಗಿ ನಿಂತು ಕೈ ಮೇಲೆತ್ತಿ ನಗುತ್ತಿದ್ದರು. ಚೆಂದದ ಫೋಟೊ, ತಪ್ಪು ಹುಡುಕೋಕೆ ಬರೆಯುತ್ತಿಲ್ಲ. ಆದರೆ ಪೇಪರ್ ಇನ್ನೂ ಮನೆಯಲ್ಲಿದ್ದರೆ ಒಂದು ಸಲ ತೆಗೆದು ನೋಡಿ. ಹನ್ನೆರಡು ಮುಖವೂ ಒಂದೇ ಬಣ್ಣ, ಮೈದಾ ಡಬ್ಬಕ್ಕೆ ಅದ್ದಿ ತೆಗೆದ ಹಾಗೆ. ಕೈ ಮಾತ್ರ ಅವರವರದ್ದೇ. ಎಡಗಡೆಯಿಂದ ನಾಲ್ಕನೇ ಹುಡುಗಿಯ ಕತ್ತಿನಲ್ಲಿ ಬಿಳಿ ಎಲ್ಲಿಗೆ ನಿಂತಿತು ಅನ್ನೋದು ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ಸ್ಪಷ್ಟ.

ಈ ಪತ್ರಕ್ಕೆ ಆ ಫೋಟೊ ಅರ್ಧ ಕಾರಣ. ಇನ್ನರ್ಧ ಒಂದು ಮಕ್ಕಳ ಪುಸ್ತಕ.

ನಾನು ಹನುಮಂತನಗರದ ಕಡೆ ಡ್ಯಾನ್ಸ್ ಕಾಸ್ಟ್ಯೂಮ್ ಹೊಲಿಯುವವಳು. ಮೂವತ್ತು ವರ್ಷದ ಮೇಲಾಯಿತು. ವರ್ಷಪೂರ್ತಿ ಭರತನಾಟ್ಯದ್ದು, ದಸರಾ ಮುಗಿಯುತ್ತಿದ್ದ ಹಾಗೆ ಶಾಲೆಗಳ ಆನ್ಯುವಲ್ ಡೇ ಆರ್ಡರು. ಪೈಜಾಮ, ಬ್ಲೌಸು, ಮುಂದಿನ ಫ್ಯಾನು, ಹಿಂದಿನ ಸೀಟು, ಮೇಲೆ ದಾವಣಿ ತುಂಡು. ಇದರಲ್ಲಿ ಫ್ಯಾನ್ ಕಷ್ಟದ್ದು. ಮಗು ಅರೆಮಂಡಿ ಕೂತಾಗ ಬಿಚ್ಚಿಕೊಳ್ಳಬೇಕು, ಎದ್ದಾಗ ತಾನಾಗಿ ಮಡಚಿಕೊಳ್ಳಬೇಕು, ಜರಿ ಅಂಚು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಪ್ರೋಗ್ರಾಂ ದಿನ ನಾನೂ ಸೂಜಿ ದಾರ ಸೇಫ್ಟಿ ಪಿನ್ನು ಹಿಡಿದು ಗ್ರೀನ್ ರೂಮಿನಲ್ಲಿ ಇರುತ್ತೇನೆ, ಯಾಕಂದರೆ ಯಾವುದೋ ಒಂದು ಮಗುವಿನ ಹುಕ್ಕು ಕೊನೇ ಗಳಿಗೆಯಲ್ಲಿ ಕಿತ್ತು ಬರೋದು ಗ್ಯಾರಂಟಿ. ಹಾಗಾಗಿ ಮೇಕಪ್ ನನ್ನ ಕೆಲಸ ಅಲ್ಲದಿದ್ದರೂ ಎಷ್ಟು ಸಾವಿರ ಮಕ್ಕಳಿಗೆ ಬಣ್ಣ ಬಳಿಯೋದನ್ನು ಹತ್ತಿರದಿಂದ ನೋಡಿದ್ದೇನೋ ಲೆಕ್ಕ ಇಲ್ಲ.

ಈಗ ಪುಸ್ತಕದ ವಿಷಯ. ಮಗಳು ಚರ್ಚ್ ಸ್ಟ್ರೀಟಿನಲ್ಲಿ ಹಳೇ ಪುಸ್ತಕದ ಅಂಗಡಿಗೆ ಹೋದಾಗ ಮೊಮ್ಮಗಳಿಗೆ ಅಂತ ತಂದಳು. ದೊಡ್ಡ ಸೈಜಿನ ಚಿತ್ರಪುಸ್ತಕ. ಪುಟಕ್ಕೆ ಎರಡು ಮೂರು ಸಾಲು ಇಂಗ್ಲಿಷು, ಮಿಕ್ಕಿದ್ದೆಲ್ಲ ಚಿತ್ರ. ಜಾನೆಟ್ ಕಾಲಿನ್ಸ್ ಅನ್ನೋ ಅಮೆರಿಕದ ಕರಿಯ ನರ್ತಕಿಯ ಕಥೆ. ಹೆಸರು ನಾನು ಕೇಳಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ, ರಟ್ಟಿನ ಮೇಲೆ ಡ್ಯಾನ್ಸ್ ಮಾಡುವ ಹುಡುಗಿ ಇದ್ದಳು ಅಂತ ತಂದಳಷ್ಟೆ. ಮೊಮ್ಮಗಳಿಗೆ ಏಳು ವರ್ಷ, ಇಂಗ್ಲಿಷ್ ಮೀಡಿಯಂ, ಓದೋಕೆ ಬರುತ್ತೆ. ಆದರೂ ಅಜ್ಜಿನೇ ಓದಬೇಕು, ಅದೂ ಕನ್ನಡದಲ್ಲಿ ಹೇಳಬೇಕು. ನನ್ನ ಇಂಗ್ಲಿಷು ಬಿಲ್ ಬುಕ್ಕಿಗೆ ಸಾಕಾಗುವಷ್ಟು. ಅಂತೂ ಇಬ್ಬರೂ ಸೇರಿ ಒದ್ದಾಡಿಕೊಂಡು ಓದಿದೆವು.

ಜಾನೆಟ್ ಹುಟ್ಟಿದ್ದು 1917ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ನಾಲ್ಕು ವರ್ಷದವಳಿದ್ದಾಗ ಮನೆಯವರು ಲಾಸ್ ಏಂಜಲೀಸಿಗೆ ಬಂದರು. ಹುಡುಗಿಗೆ ಬ್ಯಾಲೆ ಕಲಿಯೋ ಆಸೆ. ಬ್ಯಾಲೆ ಅಂದರೆ ಕಾಲ್ಬೆರಳಿನ ತುದಿಯ ಮೇಲೆ ನಿಂತು ಮಾಡುವ ಡ್ಯಾನ್ಸು ಅಂತ ಹೇಳಿದೆ. ತಕ್ಷಣ ಮೊಮ್ಮಗಳು ಮಂಚ ಹಿಡಿದುಕೊಂಡು ಪ್ರಯತ್ನ ಮಾಡಿ ದಬಕ್ಕನೆ ಕೂತಳು. ಕರಿಯರ ಮಕ್ಕಳನ್ನು ಸೇರಿಸಿಕೊಳ್ಳುವ ಡ್ಯಾನ್ಸ್ ಸ್ಕೂಲು ಆಗ ಸಿಗೋದೇ ಕಷ್ಟ. ಮೊದಲ ಪಾಠ ಆಗಿದ್ದು ಚರ್ಚಿನವರು ನಡೆಸುತ್ತಿದ್ದ ಒಂದು ಸಮುದಾಯ ಕೇಂದ್ರದಲ್ಲಿ. ಅದಕ್ಕೂ ಫೀಸು ಇತ್ತಲ್ಲ. ಆ ಫೀಸಿನ ಬದಲು ಅವಳ ಅಮ್ಮ ಡ್ಯಾನ್ಸ್ ಕ್ಲಾಸಿನವರಿಗೆ ಕಾಸ್ಟ್ಯೂಮ್ ಹೊಲಿದು ಕೊಟ್ಟಳು.

ಇಲ್ಲಿಗೆ ಬಂದಾಗ ನಾನು ಓದೋದು ನಿಲ್ಲಿಸಿದೆ. ಮೊಮ್ಮಗಳು "ಅಜ್ಜಿ, ಮುಂದಕ್ಕೆ" ಅಂತ ಸೆರಗು ಎಳೆಯುತ್ತಿದ್ದಳು. ಯಾಕಂದರೆ ನಾನು ಮಾಡಿದ್ದೂ ಅದನ್ನೇ. ಮಗಳನ್ನು ಭರತನಾಟ್ಯಕ್ಕೆ ಸೇರಿಸಿದ ಹೊಸದರಲ್ಲಿ ತಿಂಗಳ ಫೀಸು ಹೊಂದಿಸೋಕೆ ಆಗುತ್ತಿರಲಿಲ್ಲ. ಟೀಚರ್ ಒಳ್ಳೆಯವರು. "ಫೀಸು ಬಿಡಿ, ಹುಡುಗೀರ ಪ್ರಾಕ್ಟೀಸ್ ಸೀರೆಗೆ ಫಾಲ್ಸು, ಬ್ಲೌಸಿಗೆ ಹುಕ್ಕು ಹಾಕಿಕೊಡಿ" ಅಂದರು. ಅಲ್ಲಿಂದ ಶುರುವಾದ ಕಸುಬು ಇದು. ಅದಕ್ಕೆ ಮುಂಚೆ ನಾನು ಬರೀ ಲಂಗ ಬ್ಲೌಸು ಹೊಲಿಯುತ್ತಿದ್ದೆ. ಎಲ್ಲಿಯ ಲಾಸ್ ಏಂಜಲೀಸು, ಎಲ್ಲಿಯ ಹನುಮಂತನಗರ. ನನ್ನ ಹಾಗೆ ಮಿಷನ್ ತುಳಿದು ಮಗಳನ್ನು ಕುಣಿಸಿದ ಇನ್ನೊಬ್ಬಳು ಇದ್ದಳಲ್ಲ ಅಂತ ಖುಷಿಯಾಯಿತು, ಹೊಟ್ಟೆಯಲ್ಲಿ ಏನೋ ಒಂಥರಾ ಸಂಕಟವೂ ಆಯಿತು.

ಮುಂದಿನ ಭಾಗವೇ ಮುಖ್ಯ. ಜಾನೆಟ್ ಹದಿನೈದು ಹದಿನಾರರ ಹುಡುಗಿ ಆಗಿದ್ದಾಗ ಊರಿಗೆ ಒಂದು ದೊಡ್ಡ ಬ್ಯಾಲೆ ಕಂಪನಿ ಬಂತು. ಬ್ಯಾಲೆ ರೂಸ್ ದ ಮಾಂಟೆ ಕಾರ್ಲೊ ಅಂತ ಹೆಸರು, ರಷ್ಯಾದ ಪದ್ಧತಿಯ ಪ್ರಪಂಚಪ್ರಸಿದ್ಧ ತಂಡ. ಇವಳು ಹೋಗಿ ಕುಣಿದು ತೋರಿಸಿದಳು. ಚೆನ್ನಾಗಿ ಕುಣಿದಳು, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ತಗೋತೀವಿ, ಆದರೆ ಸ್ಟೇಜಿಗೆ ಹೋಗುವಾಗ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಳ್ಳಬೇಕು ಅಂದರು. ಅವಳು ಆಗಲ್ಲ ಅಂದಳು. ಅಷ್ಟೆ. ಭಾಷಣ ಇಲ್ಲ, ಏನಿಲ್ಲ. ಆಗಲ್ಲ ಅಂದಳು, ಅಳುತ್ತಾ ಮನೆಗೆ ಹೋದಳು. ಆಮೇಲೆ ಮಗಳು ಫೋನಿನಲ್ಲಿ ಹುಡುಕಿ ಇನ್ನೊಂದಿಷ್ಟು ಓದಿ ಹೇಳಿದಳು. ಅಳುತ್ತಾ ಬಂದವಳಿಗೆ ಆಂಟಿ ಒಬ್ಬರು ಕಣ್ಣೊರೆಸಿ, ಹೋಗು, ಪ್ರಾಕ್ಟೀಸ್ ಮಾಡು, ಅವರಿಗಿಂತ ಚೆನ್ನಾಗಿ ಕಲಿ ಅಂತ ಬೈದು ಕಳಿಸಿದರಂತೆ. (ಈ ಇಂಗ್ಲಿಷಿನವರ ಆಂಟಿ ದೊಡ್ಡಮ್ಮನೋ ಚಿಕ್ಕಮ್ಮನೋ ಸೋದರತ್ತೆಯೋ, ಒಂದೂ ಗೊತ್ತಾಗಲ್ಲ. ಹಾಗೆ ಬೈದು ಕಳಿಸಬೇಕಾದರೆ ದೊಡ್ಡಮ್ಮನೇ ಇರಬೇಕು ಅಂತ ನಾನು ಅಂದುಕೊಂಡಿದ್ದೇನೆ.)

ನಾನು ಇದನ್ನೆಲ್ಲ ಹೇಳಿ, ಮೊಮ್ಮಗಳ ಮುಖ ನೋಡಿದೆ. ಏನೋ ಕೇಳುತ್ತಾಳೆ ಅಂತ ಕಾದೆ. ಅವಳು ಸ್ವಲ್ಪ ಯೋಚನೆ ಮಾಡಿ, "ಅಜ್ಜಿ, ಹಚ್ಕೊಂಡು ಡ್ಯಾನ್ಸ್ ಮಾಡಿ ಆಮೇಲೆ ತೊಳ್ಕೊಂಡಿದ್ರೆ ಆಗ್ತಿತ್ತಲ್ವಾ? ನಾವೆಲ್ಲ ಹಂಗೇ ಮಾಡೋದು" ಅಂದಳು.

ಅವಳಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಯಾಕೆ ಕಾಣಬೇಕು ಹೇಳಿ. ಯುಕೆಜಿಯಿಂದ ಪ್ರತಿ ವರ್ಷ ಅವಳ ಮುಖಕ್ಕೂ ಬಳಿದಿದ್ದಾರೆ. ಡ್ಯಾನ್ಸ್ ಅಂದರೆ ಗೆಜ್ಜೆ ಕಟ್ಟೋದು, ಜಡೆಗೆ ಕುಚ್ಚು ಹಾಕೋದು, ಬಿಳಿ ಮುಖ ಮಾಡಿಸಿಕೊಳ್ಳೋದು. ಜಾನೆಟ್ ಅನ್ನೋ ಹುಡುಗಿ ಒಂದು ಸಣ್ಣ ವಿಷಯಕ್ಕೆ ದೊಡ್ಡ ಕೆಲಸ ಕಳಕೊಂಡಳು ಅಂತ ಅವಳ ಲೆಕ್ಕ. ನನಗೆ ಉತ್ತರ ಹೊಳೆಯಲಿಲ್ಲ. "ಊಟಕ್ಕೆ ಏಳು" ಅಂದೆ.

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕಂದರೆ ಇದರಲ್ಲಿ ನನ್ನ ಪಾಲೂ ಇದೆ. ಬೇರೆಯವರನ್ನು ಅನ್ನೋ ಮೊದಲು ಅದನ್ನು ಹೇಳಿಬಿಡುತ್ತೇನೆ.

ನನ್ನ ಮಗಳು ನನ್ನ ಹಾಗೇ ಕಪ್ಪು. ಲಕ್ಷಣವಾಗಿದ್ದಾಳೆ, ಆದರೆ ಕಪ್ಪು. ಈ "ಆದರೆ" ಬರೆಯೋವಾಗಲೇ ಗೊತ್ತಾಯಿತು ನೋಡಿ, ಕೈ ತಾನಾಗಿ ಬರೆಯಿತು. ಹೊಡೆದು ಹಾಕಲ್ಲ, ಇರಲಿ. ಅವಳಿಗೆ ಹತ್ತು ವರ್ಷ ಇದ್ದಾಗ ರವೀಂದ್ರ ಕಲಾಕ್ಷೇತ್ರದಲ್ಲಿ ಅವರ ಕ್ಲಾಸಿನ ಪ್ರೋಗ್ರಾಂ. ಅಷ್ಟು ದೊಡ್ಡ ಸ್ಟೇಜು ಅವಳಿಗೆ ಮೊದಲ ಸಲ, ನನಗೂ ಮೊದಲ ಸಲ. ಮೇಕಪ್ಪಿನವರು ವಯಸ್ಸಾದವರು, ನಾಟಕದ ಕಂಪನಿಗಳಲ್ಲಿ ಬಣ್ಣ ಹಚ್ಚಿ ಪಳಗಿದ ಕೈ. ಒಂದು ತಟ್ಟೆಯಲ್ಲಿ ನಾಲ್ಕೈದು ಬಣ್ಣದ ಪ್ಯಾನ್‌ಕೇಕ್ (ಒದ್ದೆ ಸ್ಪಂಜಿನಲ್ಲಿ ಮುಖಕ್ಕೆ ಹಚ್ಚುವ ಮೇಕಪ್ ಬಿಲ್ಲೆ) ಇಟ್ಟುಕೊಂಡು ಒಬ್ಬೊಬ್ಬ ಹುಡುಗಿಯ ಮುಖ ತಿರುಗಿಸಿ ನೋಡಿ ಸ್ಪಂಜ್ ಅದ್ದುತ್ತಿದ್ದರು. ನನ್ನ ಮಗಳಿಗೆ ಅವಳ ಬಣ್ಣಕ್ಕೆ ಹತ್ತಿರದ್ದೇ ಹಾಕಿ, ಕಣ್ಣಿಗೆ ಕಾಡಿಗೆ ಎಳೆದು ಆಯಿತು ಅಂದರು. ನಾನೇ ಹೋಗಿ, "ಇನ್ನೊಂದು ಕೋಟ್ ಹಾಕಿ ಸರ್, ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ" ಅಂದೆ. ಅವರು "ಬೇಡಮ್ಮ, ಮಗು ಮುಖ ಕಳೆಯಾಗಿದೆ, ಹಾಕಿದರೆ ಬೂದಿ ಬಳಿದ ಹಾಗಾಗುತ್ತೆ" ಅಂದರು. ನಾನು ಬಿಡಲಿಲ್ಲ. ಅವರು ಒಂದು ನಿಮಿಷ ನನ್ನ ಮುಖ ನೋಡಿ, ಏನೂ ಹೇಳದೆ ಸ್ಪಂಜ್ ತಗೊಂಡರು. ಮಗಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು ಅಂತ ಈಗ ಗೊತ್ತು. ಆ ಫೋಟೊ ಇವತ್ತಿಗೂ ಮನೆಯಲ್ಲಿದೆ. ಬೂದಿ ಬಣ್ಣಕ್ಕೇ ಬಂದಿದೆ, ಅವರು ಹೇಳಿದ ಹಾಗೇ.

ಹೀಗೆ ಬರೆದರೆ ಕೆಲವರು ಒಂದು ಮಾತು ಹೇಳುತ್ತಾರೆ, ನನಗೆ ಗೊತ್ತು. ಸ್ಟೇಜ್ ಲೈಟಿಗೆ ಮೇಕಪ್ ಬೇಕೇ ಬೇಕು, ಇಲ್ಲದಿದ್ದರೆ ಹಿಂದಿನ ಸಾಲಿನವರಿಗೆ ಕಣ್ಣು ಮೂಗು ಕಾಣಲ್ಲ ಅಂತ. ನಿಜ, ನಾನು ಒಪ್ಪುತ್ತೇನೆ. ಭರತನಾಟ್ಯದಲ್ಲಿ ಅರ್ಧ ಕೆಲಸ ಕಣ್ಣಿನದ್ದೇ. ಕಣ್ಣು ತಿದ್ದಿ, ಹುಬ್ಬು ತಿದ್ದಿ, ತುಟಿಗೆ ಹಚ್ಚಿ, ಬೆವರಿಗೆ ಮುಖ ಹೊಳೆಯದ ಹಾಗೆ ಅವರದೇ ಬಣ್ಣದ ಪ್ಯಾನ್‌ಕೇಕ್ ಹಾಕಿ, ಬೇಡ ಅಂದವರು ಯಾರು? ಬಣ್ಣ ಹಚ್ಚೋದೇ ತಪ್ಪು ಅನ್ನೋಕೆ ನಾನೇನು ಹುಚ್ಚಿಯಲ್ಲ. ಯಕ್ಷಗಾನದ ಬಣ್ಣದ ವೇಷದವರು ಗಂಟೆಗಟ್ಟಲೆ ಕನ್ನಡಿ ಮುಂದೆ ಕೂತು ಮುಖ ಬರೆದುಕೊಳ್ಳುತ್ತಾರೆ. ಅವರು ರಾಕ್ಷಸ ಆಗೋಕೆ ಹಚ್ಚುತ್ತಾರೆ. ನಮ್ಮ ಮಕ್ಕಳಿಗೆ ಏನಾಗೋಕೆ ಅಂತ ಹಚ್ಚುತ್ತೇವೆ? ರಾಧೆಯ ಪಾರ್ಟಿಗೂ ಅದೇ ಬಿಳಿ, ರೈತನ ಪಾರ್ಟಿಗೂ ಅದೇ ಬಿಳಿ, ಸುಗ್ಗಿ ಹಾಡಿಗೂ ಅದೇ. ಒಂದು ಸಲ ಕೃಷ್ಣನ ಪಾರ್ಟಿನ ಹುಡುಗನಿಗೂ ಹಾಗೇ ಬಿಳಿ ಬಳಿದು ಕೂರಿಸಿದ್ದರು, ನೀಲಿ ಬಣ್ಣ ತರೋದು ಮರೆತಿದ್ದೇವೆ ಅಂತ. ಕೃಷ್ಣ ಅನ್ನೋ ಹೆಸರಿಗೆ ಅರ್ಥವೇ ಕಪ್ಪು. ಆ ಹುಡುಗ ಇದ್ದ ಬಣ್ಣದಲ್ಲೇ ಹೋಗಿದ್ದರೆ ಸರಿಯಾಗುತ್ತಿತ್ತು!

ಮೇಕಪ್ಪಿನವರ ಕಷ್ಟವೂ ನನಗೆ ಗೊತ್ತಿದೆ. ತಲೆಗೆ ಇಷ್ಟು ಅಂತ ಮಾತಾಡಿರುತ್ತಾರೆ. ಮಧ್ಯಾಹ್ನ ಎರಡಕ್ಕೆ ಬಂದು ಐದರೊಳಗೆ ಎಂಬತ್ತು ತೊಂಬತ್ತು ಮಕ್ಕಳನ್ನು ಮುಗಿಸಬೇಕು. ಇಬ್ಬರು ಹುಡುಗರು, ಎರಡು ಸ್ಪಂಜು, ಒಂದು ಮಗ್ ನೀರು. ಆ ಒಂದೇ ಸ್ಪಂಜು ಎಲ್ಲ ಮಕ್ಕಳ ಮುಖಕ್ಕೂ ಹೋಗುತ್ತೆ, ಮಾರನೇ ದಿನ ಯಾರಿಗೋ ಗುಳ್ಳೆ ಏಳುತ್ತೆ, ಅದು ಬೇರೆ ಕಥೆ. ಬಣ್ಣ ನೋಡಿ ಹಾಕೋಕೆ ಪುರುಸೊತ್ತೆಲ್ಲಿ? ಒಂದು ಡಬ್ಬ ತೆಗೆದರೆ ಎಲ್ಲರಿಗೂ ಅದೇ. ಸರಿ, ಒಪ್ಪೋಣ. ಆದರೆ ಆ ಒಂದು ಡಬ್ಬ ಯಾವಾಗಲೂ ಬಿಳಿಯದ್ದೇ ಯಾಕೆ? ಪುರುಸೊತ್ತಿಲ್ಲ ಅಂತ ಎಲ್ಲರಿಗೂ ಗೋಧಿ ಬಣ್ಣ ಬಳಿದಿದ್ದನ್ನು ನಾನಂತೂ ಒಂದು ದಿನವೂ ನೋಡಿಲ್ಲ.

ನಮ್ಮ ಕಸುಬಿನ ಒಂದು ಮಾತು ಹೇಳುತ್ತೇನೆ. ಬ್ಲೌಸಿಗೆ ದಾರ ತರಬೇಕಾದರೆ ನಾವು ಬಟ್ಟೆಯ ಒಂದು ಚೂರು ಕತ್ತರಿಸಿಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋಗುತ್ತೇವೆ. ಗಾಂಧಿಬಜಾರಿನಲ್ಲಿ ನೋಡಿ, ಹೆಂಗಸರು ಅಂಗಡಿ ಒಳಗಿನ ಟ್ಯೂಬ್ ಲೈಟ್ ನಂಬಲ್ಲ. ರೀಲು, ಚೂರು ಎರಡನ್ನೂ ಹಿಡಿದು ಹೊರಗೆ ಫುಟ್‌ಪಾತಿಗೆ ಬಂದು ಬಿಸಿಲಿಗೆ ಒಡ್ಡಿ ನೋಡುತ್ತಾರೆ. ಒಂದು ಎಳೆ ಹೆಚ್ಚುಕಮ್ಮಿ ಆದರೂ ವಾಪಸ್ಸು. ಗಿಳಿಹಸಿರು, ಪಾಚಿಹಸಿರು, ರಾಮಾಗ್ರೀನು, ಮಾವಿನೆಲೆ ಹಸಿರು ಅಂತ ಬರೀ ಹಸಿರಿಗೇ ನಮ್ಮಲ್ಲಿ ಎಷ್ಟು ಹೆಸರು. ಇಷ್ಟೆಲ್ಲ ಮಾಡಿ ಹೊಲಿದ ಬಟ್ಟೆ ಹಾಕಿಕೊಂಡ ಮಗುವಿನ ಮುಖಕ್ಕೆ ಮಾತ್ರ ಯಾರೂ ಚೂರು ಹಿಡಿದು ನೋಡಲ್ಲ.

ಇನ್ನೊಂದು ವಿಷಯ. ಆನ್ಯುವಲ್ ಡೇ ಡ್ರೆಸ್ಸುಗಳಲ್ಲಿ ಬೆನ್ನು, ಭುಜ ಖಾಲಿ ಕಾಣಬೇಕು, ಆದರೆ ನಿಜವಾಗಿ ಖಾಲಿ ಇರಬಾರದು ಅಂತ ಅಲ್ಲಿಗೆ ನೆಟ್ ಬಟ್ಟೆ ಕೊಡುತ್ತೇವೆ. ಚಿಕ್ಕಪೇಟೆಯಲ್ಲಿ ಅದಕ್ಕೆ "ಸ್ಕಿನ್ ಕಲರ್" ಅಂತಲೇ ಹೆಸರು. ಸ್ಕಿನ್ ಕಲರ್ ನೆಟ್, ಸ್ಕಿನ್ ಕಲರ್ ಲೆಗ್ಗಿಂಗು, ಸ್ಕಿನ್ ಕಲರ್ ಸ್ಲಿಪ್ಪು. ಎಷ್ಟು ಮೀಟರ್ ಕೇಳಿದರೂ ಕೊಡುತ್ತಾರೆ. ಆ ಸ್ಕಿನ್ನು ಯಾರದ್ದು ಅಂತ ನಾನು ಇಪ್ಪತ್ತು ವರ್ಷ ಕೇಳಲಿಲ್ಲ. ಹಾಲಿಗೆ ಎರಡು ತೊಟ್ಟು ರೂಹಫ್ಜಾ ಬಿದ್ದಂಥ ಬಣ್ಣ ಅದು. ಆ ಬಣ್ಣದ ಚರ್ಮದ ಮಗುವನ್ನು ನಾನು ನಮ್ಮ ಏರಿಯಾದಲ್ಲಿ ನೋಡಿಲ್ಲ. ಸಾಧಾರಣ ಬಣ್ಣದ ಹುಡುಗಿಗೆ ಹಾಕಿದರೆ ಏನೋ ಪರವಾಗಿಲ್ಲ, ಕಪ್ಪು ಹುಡುಗಿಗೆ ಹಾಕಿದರೆ ಭುಜಕ್ಕೆ ಬ್ಯಾಂಡೇಜ್ ಸುತ್ತಿದ ಹಾಗೆ ಕಾಣುತ್ತೆ. ಕೆಲವು ವರ್ಷದ ಹಿಂದೆ ಒಂದು ಮಗು ಟ್ರಯಲ್ಲಿಗೆ ಬಂದಾಗ ಕನ್ನಡಿ ನೋಡಿಕೊಂಡು, "ಆಂಟಿ, ಇಲ್ಲಿ ಗಾಯ ಆಗಿದೆ ಅಂದ್ಕೋತಾರೆ" ಅಂದಿತು. ಅವತ್ತು ರಾತ್ರಿ ಟೀಪುಡಿ ಗಟ್ಟಿಯಾಗಿ ಕುದಿಸಿ, ಸೋಸಿ, ಉಪ್ಪು ಹಾಕಿ ನೆಟ್ ನೆನೆಹಾಕಿದೆ. ಬೆಳಿಗ್ಗೆ ತೆಗೆದು ಒಣಗಿಸಿದರೆ ಆ ಮಗುವಿನ ಬಣ್ಣಕ್ಕೆ ಹೆಚ್ಚುಕಮ್ಮಿ ಸರಿಯಾಗಿ ಕೂತಿತು. ಆಮೇಲಿಂದ ಅದೇ ರೂಢಿ ಆಗಿದೆ. ಒಂದು ಸಲ ಅದ್ದಿದ್ದು, ಎರಡು ಸಲ ಅದ್ದಿದ್ದು ಅಂತ ಬೇರೆ ಬೇರೆ ಮಡಚಿ ಇಟ್ಟಿರುತ್ತೇನೆ. ಇದನ್ನು ನಾನೇ ಕಂಡುಹಿಡಿದೆ ಅಂತ ಒಳಗೊಳಗೆ ಸ್ವಲ್ಪ ಜಂಬವೂ ಇತ್ತು.

ಮಗಳು ಫೋನಿನಲ್ಲಿ ಓದಿ ಆ ಜಂಬ ಇಳಿಸಿದಳು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಆರ್ಥರ್ ಮಿಚೆಲ್ ಅನ್ನೋ ಕರಿಯ ನರ್ತಕ 1969ರಲ್ಲಿ ಒಂದು ಬ್ಯಾಲೆ ತಂಡ, ಶಾಲೆ ಕಟ್ಟಿದರು, ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಅಂತ. ಬ್ಯಾಲೆಯಲ್ಲಿ ಕಾಲಿಗೆ ಹಾಕುವ ಟೈಟ್ಸು, ಶೂ ಎರಡೂ ತಿಳಿಗುಲಾಬಿ. ಅದೂ ಅವರ ಸ್ಕಿನ್ ಕಲರ್ರೇ, ಬಿಳಿಯರ ಸ್ಕಿನ್ನು. ಸೊಂಟದಿಂದ ಪಾದದವರೆಗೆ ಗೆರೆ ಒಂದೇ ಆಗಿ ಕಾಣಲಿ ಅಂತ ಅದು ಇರೋದು. ಕರಿಯರಿಗೆ ಅದನ್ನೇ ಹಾಕಿದರೆ ಗೆರೆ ತುಂಡಾಗುತ್ತೆ. ಹಾಗಾಗಿ 1970ರ ದಶಕದಲ್ಲೇ ಹಾರ್ಲೆಮ್‌ನವರು ಟೈಟ್ಸು, ಶೂಗಳಿಗೆ ಒಬ್ಬೊಬ್ಬರ ಮೈಬಣ್ಣಕ್ಕೆ ಹೊಂದೋ ಹಾಗೆ ಬಣ್ಣ ಹಾಕಿಕೊಳ್ಳೋಕೆ ಶುರು ಮಾಡಿದರು. ಲಂಡನ್ನಿನ ಫ್ರೀಡ್ ಅನ್ನೋ ಹೆಸರಾಂತ ಬ್ಯಾಲೆ ಶೂ ಕಂಪನಿ ಶುರುವಾಗಿದ್ದು 1929ರಲ್ಲಿ, ಕಂದು ಬಣ್ಣದ ಶೂ ಮಾಡಿದ್ದು 2018ರಲ್ಲಿ. ಅಲ್ಲಿಯವರೆಗೆ ಕರಿಯ ಹುಡುಗಿಯರು ಗುಲಾಬಿ ಶೂ ತಂದು ಅದರ ಮೇಲೆ ಮುಖಕ್ಕೆ ಹಚ್ಚುವ ಮೇಕಪ್ಪನ್ನೇ ಸ್ಪಂಜಿನಲ್ಲಿ ತಟ್ಟಿ ತಟ್ಟಿ ತಮ್ಮ ಬಣ್ಣಕ್ಕೆ ತಂದುಕೊಳ್ಳುತ್ತಿದ್ದರು. ಅದಕ್ಕೆ ಅವರು ಏನಂತಾರೆ ಗೊತ್ತಾ? ಪ್ಯಾನ್‌ಕೇಕಿಂಗ್. ನಮ್ಮ ಗ್ರೀನ್ ರೂಮಿನ ಅದೇ ಪ್ಯಾನ್‌ಕೇಕು! ಅವರು ಶೂವನ್ನು ತಮ್ಮ ಬಣ್ಣಕ್ಕೆ ತರೋಕೆ ಬಳಸಿದರು. ನಾವು ಮಕ್ಕಳ ಮುಖವನ್ನು ಡಬ್ಬದ ಬಣ್ಣಕ್ಕೆ ತರುತ್ತಿದ್ದೇವೆ.

ಜಾನೆಟ್ ಏನಾದಳು ಅಂತ ಕೇಳುತ್ತೀರಿ. ಮನೆಯವರು ಡ್ಯಾನ್ಸ್ ಬೇಡ, ಚಿತ್ರ ಬರೆಯೋದು ಕಲಿ, ಅದರಲ್ಲಾದರೂ ದಾರಿ ಇದೆ ಅಂದಿದ್ದರು. ಅವಳು ಅದನ್ನೂ ಕಲಿತಳು, ಇದನ್ನೂ ಬಿಡಲಿಲ್ಲ. ಕ್ಯಾಥರೀನ್ ಡನ್‌ಹ್ಯಾಮ್ ಅನ್ನೋ ಇನ್ನೊಬ್ಬ ದೊಡ್ಡ ಕರಿಯ ನರ್ತಕಿಯ ತಂಡದಲ್ಲಿ ಕುಣಿದಳು. 1949ರಲ್ಲಿ ನ್ಯೂಯಾರ್ಕಿನಲ್ಲಿ ಸೋಲೋ ಕೊಟ್ಟಳು, ಪೇಪರಿನವರೆಲ್ಲ ಹೊಗಳಿದರು. 1951ರಲ್ಲಿ ಅಲ್ಲಿನ ಮೆಟ್ರೊಪಾಲಿಟನ್ ಒಪೆರಾ ಅನ್ನೋ ದೊಡ್ಡ ಸಂಗೀತನಾಟಕ ಕಂಪನಿಯವರು ಕರೆದು ಮುಖ್ಯ ನರ್ತಕಿ ಮಾಡಿದರು. ಅಲ್ಲಿಯವರೆಗೆ ಯಾವ ಕರಿಯ ಕಲಾವಿದೆಗೂ ಅಲ್ಲಿ ಆ ಜಾಗ ಸಿಕ್ಕಿರಲಿಲ್ಲ. ಮರಿಯನ್ ಆಂಡರ್ಸನ್ ಅನ್ನೋ ಪ್ರಸಿದ್ಧ ಗಾಯಕಿ ಆ ಸ್ಟೇಜಿನಲ್ಲಿ ಹಾಡಿದ್ದು 1955ರಲ್ಲಿ, ಅಷ್ಟರಲ್ಲಿ ಜಾನೆಟ್ ಮೂರು ವರ್ಷ ಕುಣಿದು ಬಿಟ್ಟೂ ಆಗಿತ್ತು. ಆದರೆ ಒಂದು ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲ. ಕಂಪನಿ ಅಮೆರಿಕದ ದಕ್ಷಿಣದ ಊರುಗಳಿಗೆ ಹೋದಾಗ ಅಲ್ಲಿನ ಕಾನೂನು ಕರಿಯರನ್ನು ಬಿಳಿಯರ ಜೊತೆ ಸ್ಟೇಜಿಗೆ ಬಿಡುತ್ತಿರಲಿಲ್ಲ. ಅಲ್ಲಿ ಇವಳ ಪಾತ್ರವನ್ನು ಬದಲಿ ನರ್ತಕಿಯರು ಮಾಡುತ್ತಿದ್ದರು. ದೇಶದ ಅಷ್ಟು ದೊಡ್ಡ ಸ್ಟೇಜಿನ ಮುಖ್ಯ ನರ್ತಕಿ, ಅದೇ ದೇಶದ ಇನ್ನೊಂದು ಊರಲ್ಲಿ ಸ್ಟೇಜ್ ಹತ್ತುವ ಹಾಗಿಲ್ಲ.

ಅವಳು ಬೇಡ ಅಂದು ಬಂದಳಲ್ಲ, ಅದೇ ಪರಂಪರೆಯ ಬ್ಯಾಲೆ ರೂಸ್ ತಂಡಕ್ಕೆ 1955ರಲ್ಲಿ ರೇವನ್ ವಿಲ್ಕಿನ್ಸನ್ ಅನ್ನೋ ಕರಿಯ ಹುಡುಗಿ ಸೇರಿದಳು. ಅವಳದು ತಿಳಿಬಣ್ಣ, ನೋಡಿದವರಿಗೆ ಕರಿಯಳು ಅಂತ ತಕ್ಷಣ ಗೊತ್ತಾಗುತ್ತಿರಲಿಲ್ಲ. ಆದರೂ ದಕ್ಷಿಣದ ಊರುಗಳಲ್ಲಿ ಹೋಟೆಲಿನಿಂದ ಹೊರಗೆ ಹಾಕಿಸಿಕೊಂಡಳು, ಕೊನೆಗೆ ದೇಶವನ್ನೇ ಬಿಟ್ಟು ಹಾಲೆಂಡಿಗೆ ಹೋಗಿ ಕುಣಿದಳು.

ನಮ್ಮಲ್ಲಿ ಅಂಥ ಕಾನೂನು ಇಲ್ಲ, ಆ ಕಷ್ಟಕ್ಕೂ ನಮ್ಮ ಆನ್ಯುವಲ್ ಡೇಗೂ ಹೋಲಿಕೆ ಇಲ್ಲ ಅನ್ನೋರಿಗೆ ನಾನೂ ಹೌದು ಅಂತೀನಿ. ಹೋಲಿಸುತ್ತಿಲ್ಲ. ಜಾನೆಟ್‌ಗೆ ಯಾರೋ ಹೊರಗಿನವರು ಬಳಿದುಕೋ ಅಂದರು, ಅವಳು ಆಗಲ್ಲ ಅಂದಳು. ನನ್ನ ಮಗಳಿಗೆ ಬಳಿಸಿದ್ದು ಅವಳ ಅಮ್ಮ. ಅಮ್ಮನ ಹತ್ತಿರ ಆಗಲ್ಲ ಅನ್ನೋದು ಹತ್ತು ವರ್ಷದ ಮಗುವಿಗೆ ಹೇಗೆ ಸಾಧ್ಯ?

ಇನ್ನು ನನ್ನ ಬೇಡಿಕೆ. ಸಂಪಾದಕರಿಗೆ ಬರೆದ ಮೇಲೆ ಏನಾದರೂ ಕೇಳಬೇಕಲ್ಲ.

ಮೊದಲನೆಯದು ಶಾಲೆಗಳಿಗೆ, ಡ್ಯಾನ್ಸ್ ಕ್ಲಾಸುಗಳಿಗೆ. ಡಿಸೆಂಬರ್ ಬಂತು, ಎಲ್ಲ ಕಡೆ ಬುಕಿಂಗ್ ನಡೆಯುತ್ತಿದೆ. ಮೇಕಪ್ಪಿನವರ ಹತ್ತಿರ ರೇಟ್ ಮಾತಾಡುವಾಗಲೇ ಒಂದು ಮಾತು ಸೇರಿಸಿ. ಕಡಿಮೆ ಅಂದರೂ ಮೂರು ನಾಲ್ಕು ಬಣ್ಣದ ಪ್ಯಾನ್‌ಕೇಕ್ ತನ್ನಿ, ಕತ್ತಿನ ಹತ್ತಿರ ಹಚ್ಚಿ ನೋಡಿ ಹಾಕಿ ಅಂತ. ಖರ್ಚು ಜಾಸ್ತಿ ಆಗಲ್ಲ. ಟೈಮ್ ಸ್ವಲ್ಪ ಆಗುತ್ತೆ, ಅದಕ್ಕೆ ಚೀಫ್ ಗೆಸ್ಟ್ ಭಾಷಣ ಎರಡು ನಿಮಿಷ ಕಡಿಮೆ ಮಾಡಿದರೆ ಸರಿಹೋಗುತ್ತೆ. ಮುಂದಿನ ಸಾಲಿಗೆ ಬೆಳ್ಳಗಿರುವ ಮಕ್ಕಳನ್ನೇ ಆರಿಸುವ ವಿಷಯವೂ ಇದೆ. ಅದನ್ನು ಬರೆಯೋಕೆ ಹೋದರೆ ಇನ್ನೊಂದು ಪತ್ರ ಆಗುತ್ತೆ.

ಎರಡನೆಯದು ಪುಸ್ತಕ ಮಾಡುವವರಿಗೆ. ಇಂಥ ಚಿತ್ರಪುಸ್ತಕ ಕನ್ನಡದಲ್ಲಿ ಬೇಕು. ಜಾನೆಟ್ ಕಥೆಯೂ ಕನ್ನಡಕ್ಕೆ ಬರಲಿ. ನಾನು ಹೇಳಿದ್ದು ಅರ್ಧ ತಪ್ಪಿರಬಹುದು, ಬಲ್ಲವರು ಚೆನ್ನಾಗಿ ಹೇಳಲಿ. ಆದರೆ ಅಷ್ಟು ದೂರ ಹೋಗೋ ಮೊದಲು ಇಲ್ಲೇ ಎಷ್ಟು ಜನ ಇದ್ದಾರೆ ನೋಡಿ. ವೆಂಕಟಲಕ್ಷಮ್ಮ. ಕಡೂರು ತಾಲ್ಲೂಕಿನ ತಾಂಡಾದಲ್ಲಿ 1906ರಲ್ಲಿ ಲಂಬಾಣಿ ಮನೆಯಲ್ಲಿ ಹುಟ್ಟಿದ ಮಗು. ಎಂಟು ವರ್ಷಕ್ಕೇ ಅಜ್ಜ ಅಜ್ಜಿ ಕೈ ಹಿಡಿದು ಮೈಸೂರಿಗೆ ಕರಕೊಂಡು ಬಂದು ಜಟ್ಟಿ ತಾಯಮ್ಮನವರ ಹತ್ತಿರ ಬಿಟ್ಟರು. ಆ ಗುರುವೂ ಎಂಥವರು, ಕುಸ್ತಿ ಪೈಲ್ವಾನರ ಮಗಳು, ಅಭಿನಯಕ್ಕೆ ಹೆಸರಾದವರು. ಶಿಷ್ಯೆ ಹನ್ನೆರಡಕ್ಕೆ ರಂಗಪ್ರವೇಶ ಮಾಡಿ, ನಾಲ್ವಡಿಯವರ ಆಸ್ಥಾನ ನರ್ತಕಿಯಾಗಿ, ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1992ರಲ್ಲಿ ಪದ್ಮಭೂಷಣ ಪಡೆದರು. ಇದರಲ್ಲಿ ಎಷ್ಟು ಚಿತ್ರ ಇದೆ ನೀವೇ ಹೇಳಿ. ತಾಂಡಾದ ಕನ್ನಡಿ ಕೆಲಸದ ಲಂಗದಿಂದ ಅರಮನೆಯ ಜರಿ ಸೀರೆಯವರೆಗೆ ಬಟ್ಟೆ ಬರೆಯೋಕೇ ನಾಲ್ಕು ಪುಟ ಬೇಕು. ನನ್ನ ಅಂಗಡಿಗೆ ಬರುವ ಭರತನಾಟ್ಯದ ಹುಡುಗಿಯರನ್ನು ಸುಮ್ನೆ ಕೇಳಿ ನೋಡಿದೆ, ಹತ್ತರಲ್ಲಿ ಒಬ್ಬಳಿಗೆ ಹೆಸರು ಗೊತ್ತಿತ್ತು, ಅದೂ ಪರೀಕ್ಷೆಗೆ ಓದಿದ್ದಕ್ಕೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆ ಸಿದ್ದಿಗಳು ಇದ್ದಾರೆ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು. ಕನ್ನಡ, ಕೊಂಕಣಿ ಮಾತಾಡುವ ನಮ್ಮವರೇ. ಅವರ ಡಮಾಮಿ ಕುಣಿತವನ್ನು ನಾನು ಇಲ್ಲೇ ಬೆಂಗಳೂರಿನಲ್ಲಿ ಒಂದು ಜಾನಪದ ಕಾರ್ಯಕ್ರಮದಲ್ಲಿ ನೋಡಿದ್ದೇನೆ. ಹೆಂಗಸರು ಡಮಾಮಿ ಅನ್ನೋ ಚರ್ಮವಾದ್ಯದ ಬಡಿತಕ್ಕೆ ಸೊಂಟ ಕುಲುಕಿಸಿ ಕುಣಿದಾಗ ಕೂತವರ ಕಾಲು ತಾನಾಗಿ ಅಲುಗುತ್ತಿತ್ತು. ಅವರ ಮುಖಕ್ಕೆ ಯಾರೂ ಏನೂ ಬಳಿದಿರಲಿಲ್ಲ. ಲೈಟಿಗೆ ಚೆನ್ನಾಗೇ ಕಾಣುತ್ತಿದ್ದರು, ಹಿಂದಿನ ಸಾಲಿನಲ್ಲಿದ್ದ ನನಗೂ. ಆ ಮಕ್ಕಳ ಕೈಗೆ ತಮ್ಮ ಹಾಗೇ ಕಾಣುವ ಒಬ್ಬಳು ಕುಣಿಯುವ ಪುಸ್ತಕ, ಕನ್ನಡದಲ್ಲಿ, ಯಾಕೆ ಹೋಗಬಾರದು?

ಪುಸ್ತಕ ಬಂದ ಮೇಲೆ ಅದು ನಾನೂರು ಐನೂರು ರೂಪಾಯಿ ಆಗಿ ಮಾಲಿನಲ್ಲಿ ಕೂತರೆ ಉಪಯೋಗ ಇಲ್ಲ. ಮನೆ ಕಂದಾಯ ಕಟ್ಟುವಾಗ ಅದರ ಜೊತೆ ಗ್ರಂಥಾಲಯದ ಸೆಸ್ಸು ನೂರಕ್ಕೆ ಆರು ರೂಪಾಯಿ ನಾವು ಕಟ್ಟುತ್ತಲೇ ಇದ್ದೇವೆ. ಬಡಾವಣೆಯ ಲೈಬ್ರರಿಗಳಲ್ಲಿ ಪೇಪರ್ ಓದೋ ಹಿರಿಯರು, ಪರೀಕ್ಷೆಗೆ ಓದೋ ಹುಡುಗರು ತುಂಬಿರುತ್ತಾರೆ, ಸಂತೋಷ. ಒಂದು ಮೂಲೆಯಲ್ಲಿ ಒಂದು ಚಾಪೆ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಒಂದು ಶೆಲ್ಫು, ಅದರಲ್ಲಿ ಇಂಥ ಇಪ್ಪತ್ತು ಮೂವತ್ತು ಚಿತ್ರಪುಸ್ತಕ. ಇಷ್ಟನ್ನೇ ಕೇಳುತ್ತಿರೋದು.

ಮೂರನೆಯದು ನಿಮಗೇ, ಸಂಪಾದಕರೇ. ಭಾನುವಾರದ ವಧೂವರರ ಜಾಹೀರಾತಿನಲ್ಲಿ "ಬೆಳ್ಳಗೆ, ಲಕ್ಷಣವಾದ" ಅಂತ ಬರುತ್ತಲ್ಲ, ಅದನ್ನು ಓದಿ ಓದಿಯೇ ನನ್ನಂಥವರು ಮಗಳಿಗೆ ಇನ್ನೊಂದು ಕೋಟ್ ಹಾಕಿಸಿದ್ದು. ದುಡ್ಡು ಕೊಟ್ಟವರು ಬರೆಸಿದ್ದನ್ನು ನೀವು ಹಾಕುತ್ತೀರಿ, ಗೊತ್ತು. ಆ ಒಂದು ಪದಕ್ಕೆ ಎಕ್ಸ್‌ಟ್ರಾ ಚಾರ್ಜ್ ಮಾಡಿ ಬೇಕಾದರೆ. ಈ ಪ್ಯಾರಾ ಕತ್ತರಿಸಿ ಹಾಕಿದರೂ ನನಗೆ ಬೇಜಾರಿಲ್ಲ.

ನಮ್ಮ ಮೊಮ್ಮಗಳ ಪ್ರೋಗ್ರಾಂ ಬರುವ ತಿಂಗಳು. ಮೇಕಪ್ ಡಬ್ಬ ಮನೆಯಿಂದಲೇ ತರುತ್ತೇವೆ ಅಂತ ಟೀಚರ್ ಹತ್ತಿರ ಹೇಳಿದ್ದೇನೆ, ಅವರು ಆಗಲಿ ಅಂದಿದ್ದಾರೆ. ಮೊಮ್ಮಗಳು ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ. ಎಲ್ಲರೂ ಬೆಳ್ಳಗಿದ್ದು ನಾನೊಬ್ಬಳೇ ಹೀಗಿದ್ದರೆ ಅಂತ ಅವಳ ಚಿಂತೆ, ಅದೂ ಸರಿಯೇ ಅಲ್ವಾ. ಅವಳ ಗುಂಪಿನ ಇನ್ನಿಬ್ಬರು ಹುಡುಗಿಯರ ಅಮ್ಮಂದಿರ ಹತ್ತಿರ ಮಾತಾಡಿದ್ದೇನೆ. ಒಬ್ಬರು ಹೂಂ ಅಂದರು. ಇನ್ನೊಬ್ಬರು ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದಾರೆ.

ಪುಸ್ತಕ ಈಗ ಅಂಗಡಿಯಲ್ಲೇ, ಟ್ರಯಲ್ಲಿಗೆ ಬರುವ ಮಕ್ಕಳು ಕೂರುವ ಬೆಂಚಿನ ಮೇಲೆ ಇರುತ್ತೆ. ಗುರುತಿನ ತಾಯಂದಿರು ಕೇಳಿದರೆ ಒಂದು ವಾರಕ್ಕೆ ಅಂತ ಕೊಡುತ್ತಿದ್ದೇನೆ. ರಟ್ಟಿನ ಮೇಲೆ ಕಂದು ಕಲೆ ಒಂದಿದೆ. ಅದು ಮಕ್ಕಳು ಮಾಡಿದ್ದಲ್ಲ. ನೆಟ್ ಅದ್ದುವಾಗ ನಾನೇ ಟೀ ಡಿಕಾಕ್ಷನ್ ಚೆಲ್ಲಿಕೊಂಡಿದ್ದು.

ಇಂತಿ,
ನಿಮ್ಮ ಹಳೇ ಓದುಗಳೊಬ್ಬಳು,
ಹನುಮಂತನಗರ, ಬೆಂಗಳೂರು